ಪರವಾನಗಿ ಪಡೆದ ಲೆಗೊ ಸೆಟ್‌ಗಳಲ್ಲಿ ಇಟ್ಟಿಗೆ ಎಷ್ಟು ಕಾಣಬೇಕು, ಎಷ್ಟು ಮರೆಯಾಗಬೇಕು?

ಪ್ರಶ್ನೆ: ಗೊಂಬೆಮೆಟ್ಟಿಲು, ಕುವೆಂಪುನಗರ, ಮೈಸೂರು

ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಪದ್ಧತಿ ನಮ್ಮ ಅತ್ತೆಯವರ ಕಾಲದಿಂದ ನಡೆದುಕೊಂಡು ಬಂದಿದೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಅದರ ಕೆಳಗೆ ದಶಾವತಾರ, ಶೆಟ್ಟರ ಅಂಗಡಿ, ಮದುವೆ ಮೆರವಣಿಗೆ, ನೆಲದ ಮೇಲೆ ರಾಗಿ ಪೈರು ಬರಿಸಿದ ಪಾರ್ಕು. ಆ ಪಾರ್ಕಿನ ಒಂದು ಮೂಲೆಯನ್ನು ಕೆಲವು ವರ್ಷಗಳಿಂದ ನನ್ನ ಮಗನ ಲೆಗೊ ಸೆಟ್‌ಗಳು, ಎಂದರೆ ಪುಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಜೋಡಿಸಿ ಕಟ್ಟುವ ಆಟಿಕೆಗಳು, ಆಕ್ರಮಿಸಿಕೊಂಡಿವೆ. ಅವನು ಕಟ್ಟುತ್ತಾನೆ, ನಾನು ತಟ್ಟೆಯಲ್ಲಿ ಹರಡಿದ ಬಿಡಿಭಾಗಗಳನ್ನು ಹುಡುಕಿ ಕೊಡುತ್ತೇನೆ. ಅಕ್ಕಿಯಲ್ಲಿ ಕಲ್ಲು ಆರಿಸಿ ಪಳಗಿದ ಕಣ್ಣು ಈ ಕೆಲಸಕ್ಕೆ ಚೆನ್ನಾಗಿಯೇ ಒದಗುತ್ತದೆ. ಹೀಗೆ ಆರಿಸುತ್ತಾ ಆರಿಸುತ್ತಾ ಈ ಸೆಟ್‌ಗಳ ವಿನ್ಯಾಸದ ಬಗ್ಗೆ ನನಗೂ ಒಂದಿಷ್ಟು ಅಭಿಪ್ರಾಯಗಳು ಬೆಳೆದಿವೆ. ಮಗನ ಅಭಿಪ್ರಾಯಗಳೊಂದಿಗೆ ಅವು ಹೊಂದುವುದಿಲ್ಲ.

ಚಲನಚಿತ್ರದ ಅಥವಾ ವಾಹನ ತಯಾರಕರ ಹೆಸರನ್ನು ಪರವಾನಗಿ ಪಡೆದು ಬಳಸುವ ಸೆಟ್‌ಗಳ ಬಗ್ಗೆ ಮಾತ್ರ ಕೇಳುತ್ತಿದ್ದೇನೆ. 1999ರಲ್ಲಿ ಸ್ಟಾರ್ ವಾರ್ಸ್ ಸರಣಿಯೊಂದಿಗೆ ಲೆಗೊ ಈ ದಾರಿ ಹಿಡಿಯಿತು. ಆ ಚಿತ್ರಗಳ ಯುದ್ಧವಿಮಾನ ಎಕ್ಸ್-ವಿಂಗ್‌ನ, ಸಂಗ್ರಾಹಕರಿಗಾಗಿ ಮಾಡಿದ ದೊಡ್ಡ ಸೆಟ್ 2000, 2013 ಮತ್ತು 2023ರಲ್ಲಿ ಮೂರು ಬಾರಿ ಬಂದಿದೆ. ಮೂರರ ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಮೊದಲನೆಯದರ ಮೈತುಂಬ ಸ್ಟಡ್‌ಗಳು, ಎಂದರೆ ಇಟ್ಟಿಗೆಯ ತಲೆಯ ಮೇಲಿನ ಗುಂಡಿಗಳು, ಎದ್ದು ಕಾಣುತ್ತವೆ. ಕಡೆಯದರಲ್ಲಿ ಟೈಲ್‌ಗಳೇ, ಎಂದರೆ ಗುಂಡಿಗಳಿಲ್ಲದ ನುಣುಪಾದ ಬಿಲ್ಲೆಗಳೇ ಹೆಚ್ಚು. ಚಿತ್ರದಲ್ಲಿ ಕಂಡ ವಿಮಾನಕ್ಕೆ ಅದು ಹತ್ತಿರವಾಗಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಇಟ್ಟಿಗೆಯಿಂದ ಮಾಡಿದ್ದು ಎಂಬುದೇ ತಿಳಿಯದಷ್ಟು ನುಣುಪು ಬೇಕಾದರೆ ಇಟ್ಟಿಗೆಯೇ ಏಕೆ ಬೇಕು ಎಂದು ನನಗೆ ಅನ್ನಿಸುತ್ತದೆ.

ಮನೆಯಲ್ಲಿ ಲ್ಯಾಂಡ್ ರೋವರ್ ಡಿಫೆಂಡರ್ ಗಾಡಿಯ ಸೆಟ್‌ಗಳು ಎರಡಿವೆ. 2008ರಲ್ಲಿ ಟಾಟಾ ಮೋಟರ್ಸ್ ಆ ಕಂಪನಿಯನ್ನು ಕೊಂಡಾಗಿನಿಂದ ಅದು ನಮ್ಮದೇ ಗಾಡಿ ಎಂದು ಯಜಮಾನರ ಅಭಿಮಾನ. ಒಂದು 2019ರ ಟೆಕ್ನಿಕ್ ಸೆಟ್ (ಒಳಗಿನ ಯಂತ್ರವೂ ಆಡುವಂತೆ ಕಟ್ಟುವ ಲೆಗೊ ಸರಣಿ), 2,573 ಬಿಡಿಭಾಗಗಳದ್ದು. ಇನ್ನೊಂದು 2023ರ ಹಳೆಯ ಮಾದರಿಯ ಡಿಫೆಂಡರ್, 2,336 ಬಿಡಿಭಾಗಗಳದ್ದು. ಮಗನಿಗೆ ಮೊದಲನೆಯದೇ ಗಾಡಿ, ಎರಡನೆಯದು ಬರಿಯ ಶೋಕಿ. ಮೊದಲನೆಯದರ ಮೈಯಲ್ಲಿ ತೂತುಗಳೂ ಸಂದುಗಳೂ ಕಾಣುವುದರಿಂದ ನನಗೆ ಅದು ಅರ್ಧ ಹೊಲಿದ ಅಂಗಿಯಂತೆ ತೋರುತ್ತದೆ. ಸ್ಟಡ್ ಕಂಡರೆ ಸಂತೋಷಪಡುವ ನಾನೇ ತೂತು ಕಂಡರೆ ಮುಖ ಸಿಂಡರಿಸುತ್ತೇನೆಂದು ಮಗ ನಗುತ್ತಾನೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಇನ್ನು ಸ್ಟಿಕ್ಕರ್. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿದ ಮೇಲೆ ಇಂಥ ಸೆಟ್ಟೊಂದನ್ನು ಕೊಳ್ಳುವುದು ಮನೆಮಂದಿಯೆಲ್ಲ ಕೂತು ಮಾತನಾಡಿ ತೀರ್ಮಾನಿಸುವ ಸಂಗತಿಯಾಗಿದೆ. ಅಷ್ಟು ಕೊಟ್ಟು ತಂದ ಪೆಟ್ಟಿಗೆಯೊಳಗೆ ಸ್ಟಿಕ್ಕರ್ ಹಾಳೆ ಕಂಡಾಗ ಕೈ ನಡುಗುತ್ತದೆ. ಕಳೆದ ವರ್ಷ ನಾನೇ ಅಂಟಿಸಿದ ಒಂದು ಪಟ್ಟಿ ಕೂದಲೆಳೆಯಷ್ಟು ಓರೆಯಾಗಿ ಕೂತಿತು. ಬಂದವರಲ್ಲಿ ಒಬ್ಬರೂ ಗಮನಿಸಲಿಲ್ಲ, ಒಂಬತ್ತು ದಿನವೂ ನಾನು ಅದನ್ನೇ ನೋಡಿದೆ. ಇಷ್ಟು ದೊಡ್ಡ ತಯಾರಕರು ಬಿಡಿಭಾಗದ ಮೇಲೇ ಮುದ್ರಿಸಿ ಕೊಡುವುದಕ್ಕೆ ಇರುವ ಅಡ್ಡಿಯೇನು? ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಮಸಿಡಬ್ಬಿ, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ನಮಸ್ಕಾರ ಮೇಡಂ. ಪ್ಲಾಸ್ಟಿಕ್ ಭಾಗಗಳ ಮೇಲೆ ಮುದ್ರಿಸುವುದೇ ನನ್ನ ಹೊಟ್ಟೆಪಾಡಾದ್ದರಿಂದ ನಿಮ್ಮ ಕೊನೆಯ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ.

ಲೆಗೊದವರು ಅನುಸರಿಸುವ ಕ್ರಮವೂ ನಮ್ಮಲ್ಲಿರುವ ಪ್ಯಾಡ್ ಪ್ರಿಂಟಿಂಗ್ ಕ್ರಮವೇ. ಕೊರೆದ ತಗಡಿನಲ್ಲಿ ಮಸಿ ತುಂಬಿ, ಅದನ್ನು ಮೆತ್ತನೆಯ ಸಿಲಿಕೋನ್ ಪ್ಯಾಡ್ ಎತ್ತಿಕೊಂಡು ಭಾಗದ ಮೇಲೆ ಒತ್ತುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಒತ್ತು. ಆದರೆ ಖರ್ಚು ಹೆಚ್ಚಾಗುವುದು ಮಸಿಯಿಂದಲ್ಲ. ಒಂದು ಬಿಳಿ ಟೈಲ್ ಸಾವಿರ ಸೆಟ್‌ಗಳಿಗೆ ಸಲ್ಲುತ್ತದೆ. ಅದರ ಮೇಲೆ ಒಂದು ಕಾರಿನ ಲಾಂಛನವನ್ನು ಒತ್ತಿದ ಕ್ಷಣದಿಂದ ಅದು ಬೇರೆಯೇ ಭಾಗ, ಅದಕ್ಕೆ ಬೇರೆ ಸಂಖ್ಯೆ, ಬೇರೆ ಡಬ್ಬ, ಪೆಟ್ಟಿಗೆ ತುಂಬುವ ಸಾಲಿನಲ್ಲಿ ಬೇರೆ ಜಾಗ. ಪರವಾನಗಿ ಮುಗಿದ ದಿನ ಮಿಕ್ಕ ದಾಸ್ತಾನು ಯಾವುದಕ್ಕೂ ಬಾರದು. ಇಂಥ ಹೊಸ ಭಾಗಗಳು ಒಂದು ಸೆಟ್ಟಿನಲ್ಲಿ ಎಷ್ಟಿರಬಹುದು ಎಂಬುದಕ್ಕೆ ವಿನ್ಯಾಸಕರಿಗೆ ಮೊದಲೇ ಒಂದು ಮಿತಿ ಹಾಕಿರುತ್ತಾರೆ. ಸ್ಟಿಕ್ಕರ್ ಹಾಳೆಯಲ್ಲಾದರೋ ನಲವತ್ತು ಚಿತ್ರವಿದ್ದರೂ ಅದು ಒಂದೇ ಭಾಗ. ಸ್ಪೀಡ್ ಚಾಂಪಿಯನ್ಸ್ ಎಂಬ ಲೆಗೊ ಸರಣಿಯ ಪುಟ್ಟ ಕಾರುಗಳು ಸ್ಟಿಕ್ಕರ್ ಇಲ್ಲದೆ ಬದುಕಲಾರವು ಎಂಬುದಕ್ಕೆ ಕಾರಣ ಇದೇ. ಅವುಗಳಲ್ಲಿ ಪ್ರಾಯೋಜಕರ ಹೆಸರು ತೆಗೆದರೆ ಉಳಿಯುವುದು ಬಣ್ಣದ ಡಬ್ಬಿ ಮಾತ್ರ.

ಮುದ್ರಣವೆಂದರೆ ಸಕಲ ದೋಷ ಪರಿಹಾರ ಎಂದೂ ತಿಳಿಯಬೇಡಿ. ಗಾಢ ಬಣ್ಣದ ಪ್ಲಾಸ್ಟಿಕ್ ಮೇಲೆ ತಿಳಿ ಬಣ್ಣ ಒತ್ತಿದರೆ ಅಡಿಯ ಬಣ್ಣ ಇಣುಕುತ್ತದೆ. ಲೆಗೊದ ಕಪ್ಪು ಅಂಗಿಯ ಪುಟ್ಟ ಗೊಂಬೆಗಳಲ್ಲಿ ಕತ್ತಿನ ಕೆಳಗೆ ಮುದ್ರಿಸಿದ ಮೈಬಣ್ಣ ಮುಖದ ಬಣ್ಣಕ್ಕೆ ಕೂಡದೆ ಮಂಕಾಗಿರುವುದನ್ನು ನೀವೂ ನೋಡಿರುತ್ತೀರಿ. ಮುಖದ ಬಣ್ಣ ಪ್ಲಾಸ್ಟಿಕ್ಕಿನ ಕಣಕಣದಲ್ಲೂ ಇದೆ, ಕತ್ತಿನದು ಮೇಲುಮೇಲಿನ ಲೇಪ. ಚನ್ನಪಟ್ಟಣದ ಕಸುಬುದಾರರು ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುವುದನ್ನು ಕಂಡಾಗಲೆಲ್ಲ, ನಮ್ಮ ಯಂತ್ರಗಳಿಗೆ ಆ ಸುಖವಿಲ್ಲವಲ್ಲ ಎನ್ನಿಸುತ್ತದೆ.

ಹೀಗೆ ಸಮರ್ಥಿಸಿದರೂ ಒಂದು ಕಡೆ ನನ್ನ ಒಪ್ಪಿಗೆಯಿಲ್ಲ. 2020ರಿಂದ ಪೆಟ್ಟಿಗೆಗಳ ಮೇಲೆ 18+ ಎಂದು ಬರೆದು ದೊಡ್ಡವರ ಪ್ರದರ್ಶನಕ್ಕೆಂದೇ ಮಾರುವ ಸೆಟ್‌ಗಳಿವೆ. ಅಲ್ಲಿ ಆಟವಾಡಲು ಏನೂ ಇಲ್ಲ, ನೋಡುವುದೊಂದೇ ಉದ್ದೇಶ. ನೋಡುವ ವಸ್ತುವಿನಲ್ಲಿ ಮುಖ್ಯ ಚಿತ್ರಗಳಾದರೂ ಮುದ್ರಿತವಾಗಿರಬೇಕು. 2017ರ 7,541 ಬಿಡಿಭಾಗಗಳ, ಸ್ಟಾರ್ ವಾರ್ಸ್‌ನ ಆಕಾಶನೌಕೆ ಮಿಲೆನಿಯಮ್ ಫಾಲ್ಕನ್‌ನಲ್ಲೂ ಮಾಹಿತಿ ಫಲಕಕ್ಕೆ ಅಂಗೈಗಿಂತ ದೊಡ್ಡ ಸ್ಟಿಕ್ಕರ್ ಕೊಟ್ಟಿದ್ದರು. ಈಚೆಗೆ ಆ ಫಲಕಗಳು ಮುದ್ರಿತವಾಗಿ ಬರುತ್ತಿರುವುದು ಅಭಿಮಾನಿಗಳ ಗೊಣಗಾಟಕ್ಕೆ ಸಿಕ್ಕ ಫಲವೆಂದೇ ನಾನು ಭಾವಿಸುತ್ತೇನೆ.

ಉತ್ತರ: ಹಲ್ಲುಚಕ್ರ, ಮಂಡ್ಯ

ಟೆಕ್ನಿಕ್ ಡಿಫೆಂಡರ್ ಪರವಾಗಿ ಒಬ್ಬರಾದರೂ ಮಾತನಾಡಬೇಕಲ್ಲ. ನಾನು ಐಟಿಐಯಲ್ಲಿ ಮೋಟಾರು ವಾಹನದ ಪಾಠ ಹೇಳುವವನು. ಆ ಸೆಟ್ಟಿನಲ್ಲಿ ಆರು ಸಿಲಿಂಡರಿನ ಎಂಜಿನ್ನಿನ ಪಿಸ್ಟನ್‌ಗಳು ಚಕ್ರ ಉರುಳಿದಂತೆ ಮೇಲೆ ಕೆಳಗೆ ಆಡುತ್ತವೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ, ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮೂರಿವೆ, ನಾಲ್ಕು ವೇಗದ ಗೇರ್‌ಬಾಕ್ಸ್ ಜೊತೆಗೆ ಹೈ ಮತ್ತು ಲೋ ಎಂಬ ಸನ್ನೆಯೂ ಇದೆ. ಕಪ್ಪುಹಲಗೆಯ ಮೇಲೆ ಅರ್ಧ ಗಂಟೆ ಬರೆದರೂ ತಲೆಗೆ ಹತ್ತದ ಡಿಫರೆನ್ಷಿಯಲ್, ಒಂದು ಚಕ್ರ ಹಿಡಿದು ಇನ್ನೊಂದನ್ನು ತಿರುಗಿಸಿದ ಕೂಡಲೇ ಹುಡುಗರಿಗೆ ಅರ್ಥವಾಗುತ್ತದೆ. ಪರವಾನಗಿ ಪಡೆದ ಸೆಟ್ ಮೂಲವನ್ನು ಹೋಲಬೇಕು ಎನ್ನುವಾಗ ನಾವು ಮೈಯನ್ನು ಮಾತ್ರ ನೋಡುವುದೇಕೆ? ಒಳಗಿನ ಕೆಲಸ ಹೋಲಿದರೆ ಅದೂ ಹೋಲಿಕೆಯೇ.

ಆದರೆ ಆ ವಿನ್ಯಾಸದಲ್ಲಿ ನನಗೆ ಒಂದು ದೊಡ್ಡ ತಕರಾರಿದೆ, ಅದು ನಿಮ್ಮ ತಕರಾರಿಗೆ ವಿರುದ್ಧ ದಿಕ್ಕಿನದು. ಇಷ್ಟು ಕಷ್ಟಪಟ್ಟು ಕಟ್ಟಿದ ಗೇರ್‌ಬಾಕ್ಸ್ ಕೊನೆಗೆ ಸೀಟು, ನೆಲ, ಬಾಗಿಲುಗಳ ಅಡಿಯಲ್ಲಿ ಹೂತುಹೋಗುತ್ತದೆ. ಗಾಡಿ ಅಂದವಾಗಿ ಕಾಣಲೆಂದು ಮುಚ್ಚಿದ್ದಾರೆ. ಮುಚ್ಚಿದ ಮೇಲೂ ನಿಮ್ಮಂಥವರಿಗೆ ಅಂದ ಸಾಲದು, ನನ್ನಂಥವರಿಗೆ ಕೆಲಸ ಕಾಣದು. ಹಲ್ಲುಚಕ್ರಗಳು ಹೆಚ್ಚಾದಷ್ಟೂ ಘರ್ಷಣೆಯೂ ಹೆಚ್ಚಿ ಗಾಡಿಯನ್ನು ತಳ್ಳುವಾಗ ಬಿಗಿಯಾಗಿರುತ್ತದೆ, ಮೋಟಾರೂ ಇಲ್ಲ.

ಇನ್ನೊಂದು ಮಾತು. ಒಳಗಿಂದ ಇಣುಕುವ ನೀಲಿ ಪಿನ್, ಕೆಂಪು ಆಕ್ಸಲ್‌ಗಳನ್ನು ಕಂಡು ಬಹಳ ಅಭಿಮಾನಿಗಳು ಸಿಡುಕುತ್ತಾರೆ. ಆ ಬಣ್ಣಗಳು ಅಲಂಕಾರಕ್ಕಲ್ಲ, ಅಳತೆಯ ಗುರುತಿಗೆ. ಎರಡು ಸ್ಟಡ್ ಉದ್ದದ ಆಕ್ಸಲ್ ಕೆಂಪು, ಮೂರು ಉದ್ದದ ಬಿಗಿ ಪಿನ್ ನೀಲಿ. ವೈರಿಂಗ್ ಮಾಡುವವನಿಗೆ ತಂತಿಯ ಬಣ್ಣ ಹೇಗೋ ಹಾಗೆ. ಎಲ್ಲವನ್ನೂ ಕಪ್ಪಾಗಿಸಿದರೆ ನಿಮಗೆ ತಟ್ಟೆಯಲ್ಲಿ ಹುಡುಕಿ ಕೊಡುವ ಕೆಲಸವೇ ಮೊದಲು ಕೈಕೊಡುತ್ತದೆ. ಕಿತ್ತಳೆ ಬಣ್ಣದ ಕಾರಿನ ಹೊರಮೈಯಲ್ಲಿ ನೀಲಿ ಚುಕ್ಕೆ ಕಾಣುವಂತೆ ಬಿಡುವುದು ಮಾತ್ರ ಸೋಮಾರಿತನ, ಅದನ್ನು ನಾನು ಸಮರ್ಥಿಸುವುದಿಲ್ಲ.

ಉತ್ತರ: ಎಂಟು ಮಿಲಿಮೀಟರ್, ಸರಸ್ವತಿಪುರಂ, ಮೈಸೂರು

ನುಣುಪಿನ ವಿರುದ್ಧ ಮೂಲ ಪ್ರಶ್ನೆಯಲ್ಲಿ ಬಂದಿರುವ ಮಾತನ್ನು ನಾನು ಒಪ್ಪುವುದಿಲ್ಲ. ಸ್ಟಡ್ ಕಾಣದಿದ್ದರೆ ಅದು ಇಟ್ಟಿಗೆಯ ಕೆಲಸವೇ ಅಲ್ಲ ಎಂಬ ಭಾವನೆ ಹೊರಗಿನಿಂದ ನೋಡುವವರದು. ಒಂದು ಸ್ಟಡ್‌ನಿಂದ ಇನ್ನೊಂದಕ್ಕೆ ಇರುವ ದೂರ 8 ಮಿಲಿಮೀಟರ್, ತೆಳು ಪ್ಲೇಟಿನ ದಪ್ಪ 3.2 ಮಿಲಿಮೀಟರ್. ಐದು ಪ್ಲೇಟುಗಳನ್ನು ಒಂದರ ಮೇಲೊಂದು ಇಟ್ಟರೆ 16 ಮಿಲಿಮೀಟರ್, ಎಂದರೆ ಸರಿಯಾಗಿ ಎರಡು ಸ್ಟಡ್‌ಗಳ ಅಗಲ. ಈ ಲೆಕ್ಕ ಕೂಡಿಬರುವುದರಿಂದಲೇ ಇಟ್ಟಿಗೆಯನ್ನು ಮಗ್ಗುಲಾಗಿ ಮಲಗಿಸಿ, ಅದರ ನುಣುಪಾದ ಬದಿಯನ್ನು ಹೊರಗೆ ಮಾಡಿ, ಕಾರಿನ ಬಾಗಿಲನ್ನೋ ವಿಮಾನದ ಮೂತಿಯನ್ನೋ ಸಂದಿಲ್ಲದೆ ಕಟ್ಟಲು ಸಾಧ್ಯವಾಗುತ್ತದೆ. ಬಾಗಿದ ಮೈ ಬೇಕೆಂದು ಒಂದೇ ಸೆಟ್ಟಿಗೆ ಸಲ್ಲುವ ದೊಡ್ಡ ಅಚ್ಚನ್ನು ಮಾಡಿದ್ದರೆ ನಿಮ್ಮ ಆಕ್ಷೇಪಣೆಗೆ ನಾನೂ ದನಿಗೂಡಿಸುತ್ತಿದ್ದೆ. ಹಳೆಯ ಭಾಗಗಳನ್ನೇ ತಿರುಗಿಸಿ ಮುರುಗಿಸಿ ಸ್ಟಡ್‌ಗಳನ್ನು ಮರೆಮಾಡಿದಾಗ ಅದು ಇಟ್ಟಿಗೆಯ ಲೆಕ್ಕದಲ್ಲಿ ಗೆದ್ದ ಆಟ.

ನನ್ನನ್ನು ಕಾಡುವುದು ಪುಟ್ಟ ಗೊಂಬೆಗಳ ಅಳತೆ. 1978ರಲ್ಲಿ ಬಂದ ಆ ಮಿನಿಫಿಗರ್ ಕುಳ್ಳು, ಅಗಲ. ಅದನ್ನು ಕೂರಿಸಲು ಹೊರಟರೆ ಯಾವ ಕಾರೂ ತನ್ನ ಆಕಾರದಲ್ಲಿ ಉಳಿಯುವುದಿಲ್ಲ. ಸ್ಪೀಡ್ ಚಾಂಪಿಯನ್ಸ್ ಕಾರುಗಳು 2015ರಲ್ಲಿ ಆರು ಸ್ಟಡ್ ಅಗಲವಿದ್ದವು, 2020ರಲ್ಲಿ ಎಂಟಾದವು, ಆಗ ಆಕಾರವೂ ಸುಧಾರಿಸಿತು, ಇಬ್ಬರು ಪಕ್ಕಪಕ್ಕದಲ್ಲಿ ಕೂರುವಂತೆಯೂ ಆಯಿತು. ಕೋಟೆಗಳಲ್ಲಿ ಸಮಸ್ಯೆ ಇನ್ನೂ ಜಟಿಲ. 2018ರ ಹಾಗ್ವರ್ಟ್ಸ್ (ಹ್ಯಾರಿ ಪಾಟರ್ ಕಥೆಯ ಶಾಲೆ) ಸೆಟ್ಟಿನಲ್ಲಿ 6,020 ಬಿಡಿಭಾಗಗಳಿದ್ದರೂ ಇಡೀ ಕೋಟೆಯನ್ನು ಹಿಡಿಸಲು ಜನರನ್ನು ಬೆರಳ ತುದಿಯಷ್ಟು ಕುಗ್ಗಿಸಬೇಕಾಯಿತು. ಆಡುವವರಿಗೆ ಅದರಿಂದ ನಿರಾಶೆಯಾದರೂ ಆ ಆಯ್ಕೆ ಸರಿಯೆಂದೇ ನನ್ನ ವಾದ; ಕೋಟೆಯನ್ನು ಕೋಟೆಯಾಗಿ ನೋಡಬೇಕಾದರೆ ಮನುಷ್ಯ ಚಿಕ್ಕವನಾಗಲೇಬೇಕು.

ಬಣ್ಣದ ವಿಷಯದಲ್ಲಿ ಪರವಾನಗಿಯೇ ಹಳೆಯ ನಿಯಮವನ್ನು ಮುರಿಯಿತು. ಲೆಗೊ ಗೊಂಬೆಗಳ ಹಳದಿ ಮುಖ ಯಾರದೂ ಅಲ್ಲದ ಮುಖವಾಗಿತ್ತು. 2003ರ ಸ್ಟಾರ್ ವಾರ್ಸ್ ಸರಣಿಯ ಕ್ಲೌಡ್ ಸಿಟಿ ಸೆಟ್ಟಿನಲ್ಲಿ ಕಪ್ಪುವರ್ಣೀಯ ನಟ ಅಭಿನಯಿಸಿದ ಲ್ಯಾಂಡೋ ಪಾತ್ರಕ್ಕೆ ಕಂದು ಬಣ್ಣ ಕೊಟ್ಟು, ಅದೇ ಪೆಟ್ಟಿಗೆಯ ಉಳಿದವರನ್ನು ಹಳದಿಯಲ್ಲೇ ಬಿಟ್ಟರು. ಹಳದಿ ಎಲ್ಲರಿಗೂ ಸಲ್ಲುವ ಬಣ್ಣವಲ್ಲ ಎಂಬುದು ಅಲ್ಲಿಗೆ ಬಯಲಾಯಿತು. ಮರುವರ್ಷದಿಂದ ಪರವಾನಗಿ ಸರಣಿಗಳ ಗೊಂಬೆಗಳಿಗೆಲ್ಲ ಮನುಷ್ಯರ ಮೈಬಣ್ಣ ಬಂತು.

ಮತ್ತೆ: ಗೊಂಬೆಮೆಟ್ಟಿಲು, ಕುವೆಂಪುನಗರ, ಮೈಸೂರು

ಮೂವರಿಗೂ ವಂದನೆಗಳು. ಐದು ಪ್ಲೇಟಿನ ಲೆಕ್ಕವನ್ನು ನಿನ್ನೆ ರಾತ್ರಿ ಊಟದ ಮೇಜಿನ ಮೇಲೆ ಜೋಡಿಸಿ ನೋಡಿದೆ. ಉಗುರು ಹಾಯದಂತೆ ಕೂಡಿತು. ಎಕ್ಸ್-ವಿಂಗ್ ಬಗ್ಗೆ ನಾನು ಆಡಿದ ಮಾತನ್ನು ಅರ್ಧದಷ್ಟು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಪೂರ್ತಿ ಅಲ್ಲ, ಏಕೆಂದರೆ ಕೈಯಿಟ್ಟರೆ ಸ್ಟಡ್ ತಾಗಬೇಕೆಂಬ ಆಸೆ ಲೆಕ್ಕದಿಂದ ಹೋಗುವುದಿಲ್ಲ.

ಅಳತೆಯ ಮಾತಿಗೆ ಮಾತ್ರ ಸಣ್ಣ ಪ್ರತ್ಯುತ್ತರವಿದೆ. ನಮ್ಮ ಮೆಟ್ಟಿಲಿನ ಶೆಟ್ಟರ ಹೊಟ್ಟೆ ಪಕ್ಕದಲ್ಲಿ ನಿಂತಿರುವ ಆನೆಗಿಂತ ದೊಡ್ಡದು, ಅದನ್ನು ಇಷ್ಟು ವರ್ಷಗಳಲ್ಲಿ ಯಾರೂ ತಪ್ಪೆಂದಿಲ್ಲ. ಅಂಗಡಿಗೆ ಶೆಟ್ಟರು ಮುಖ್ಯ, ಆದ್ದರಿಂದ ಅವರು ದೊಡ್ಡವರು. ರಾಮನಿಗೂ ಕೃಷ್ಣನಿಗೂ ಬಳಿದ ನೀಲಿ ಚರ್ಮದ ಬಣ್ಣವಲ್ಲ, ಇವನು ಯಾರು ಎಂಬುದರ ಗುರುತು. ಹಳದಿ ಮುಖದ ಗೊಂಬೆಗಳನ್ನು ನಾನು ಹಾಗೆಯೇ ನೋಡಿಕೊಂಡು ಬಂದಿದ್ದೆ. ನಟನ ಮುಖವನ್ನೇ ಕೊಡುತ್ತೇವೆಂದು ಹಣ ತೆತ್ತು ಒಪ್ಪಂದ ಮಾಡಿಕೊಂಡ ಮೇಲೆ ಗುರುತು ಸಾಲದೆ ಹೋಲಿಕೆಯೇ ಬೇಕಾಯಿತು ಎಂಬುದು ಈಗ ತಿಳಿಯಿತು.

ಹಲ್ಲುಚಕ್ರ ಅವರೇ, ಟೆಕ್ನಿಕ್ ಡಿಫೆಂಡರನ್ನು ಈ ಬಾರಿ ಹೇಗೆ ಇಡಬೇಕೆಂದು ನೀವೇ ಹೇಳಿ.

ಉತ್ತರ: ಹಲ್ಲುಚಕ್ರ, ಮಂಡ್ಯ

ಮೈ ಕಳಚಿ, ಚಾಸಿಸ್ ಮಾತ್ರ ಇಡಿ. ಸೂಚನಾ ಪುಸ್ತಕದಲ್ಲಿ ಹೊರಮೈ ಜೋಡಿಸಲು ತೊಡಗುವ ಪುಟದವರೆಗೆ ಹಿಂದಕ್ಕೆ ಬಂದು ನಿಲ್ಲಿಸಿದರೆ ಎಂಜಿನ್ನಿನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಎಲ್ಲವೂ ಕಾಣುತ್ತದೆ. ಪಕ್ಕದಲ್ಲಿ ನಿಮ್ಮ ಹಳೆಯ ಮಾದರಿಯ ಡಿಫೆಂಡರ್ ನಿಲ್ಲಲಿ. ಚಾಸಿಸ್ಸಿಗೆ ಸ್ಟಿಕ್ಕರ್ ಗೊಡವೆಯೂ ಇಲ್ಲ.

ಉತ್ತರ: ಮಸಿಡಬ್ಬಿ, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಇನ್ನು ಮುಂದೆ ದೊಡ್ಡ ಸ್ಟಿಕ್ಕರ್ ಅಂಟಿಸುವಾಗ ಟೈಲಿನ ಮೇಲೆ ಒಂದು ಹನಿ ಸೋಪಿನ ನೀರು ಸವರಿಕೊಳ್ಳಿ. ಸ್ಟಿಕ್ಕರ್ ಜಾರಾಡುತ್ತದೆ, ನೇರ ಮಾಡಿಕೊಂಡ ಮೇಲೆ ನಡುವಿನಿಂದ ಅಂಚಿನ ಕಡೆಗೆ ಬಟ್ಟೆಯಿಂದ ನೀರನ್ನು ಒತ್ತಿ ತೆಗೆದು ರಾತ್ರಿಯಿಡೀ ಒಣಗಲು ಬಿಡಿ. ಎರಡು ಇಟ್ಟಿಗೆಗಳ ಮೇಲೆ ಹಾಯುವ ಹಳೆಯ ಕಾಲದ ಸ್ಟಿಕ್ಕರ್ ಆದರೆ ಅಂಟಿಸಿದ ಮೇಲೆ ಸಂದಿನಲ್ಲಿ ಬ್ಲೇಡಿನಿಂದ ಕೊಯ್ದುಬಿಡಿ. ಇಲ್ಲದಿದ್ದರೆ ಬಿಚ್ಚುವ ದಿನ ಹರಿಯುತ್ತದೆ. ಕಿಟಕಿಯ ಬಿಸಿಲು ಮಾತ್ರ ಬೇಡ. ಬಿಳಿ ಇಟ್ಟಿಗೆ ಹಳದಿಯಾದರೆ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಮುಳುಗಿಸಿ ತಿರುಗಿ ಬಿಳಿ ಮಾಡಬಹುದು, ಸ್ಟಿಕ್ಕರ್ ಅಂಟಿದ ಇಟ್ಟಿಗೆಗೆ ಆ ಉಪಾಯ ನಡೆಯದು.

ಮತ್ತೆ: ಗೊಂಬೆಮೆಟ್ಟಿಲು, ಕುವೆಂಪುನಗರ, ಮೈಸೂರು

ಮಗ ಒಪ್ಪಿದ್ದಾನೆ. ಕಳಚಿದ ಬಾಗಿಲು, ಬಾನೆಟ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಚೀಟಿ ಅಂಟಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಚಾಸಿಸ್ಸನ್ನು ಶೆಟ್ಟರ ಅಂಗಡಿಯ ಎದುರಿಗೇ ನಿಲ್ಲಿಸುತ್ತೇವೆ.