ಸಹಾಯ ಬೇಕು: ತೊಗರಿ ಸಾಗಿಸಲು ಸಿಂಗಲ್ ಕ್ಯಾಬಿನ್ ಪಿಕಪ್ಪೋ, ಡಬಲ್ ಕ್ಯಾಬಿನ್ನೋ?

ಅಣ್ಣಂದಿರೇ, ಅಕ್ಕಂದಿರೇ, ಜೇವರ್ಗಿ ತಾಲ್ಲೂಕಿನ ನಮ್ಮ ಹೊಲದಿಂದ ಕಲಬುರಗಿ ಎಪಿಎಂಸಿಗೆ ತೊಗರಿ ಸಾಗಿಸಲು ಸ್ವಂತ ಪಿಕಪ್ ಕೊಳ್ಳಬೇಕೆಂದಿದ್ದೇವೆ. ರಾಶಿಯ ದಿನಗಳಲ್ಲಿ ಬಾಡಿಗೆ ಗಾಡಿಗೆ ಕಾಯುತ್ತಾ ಒಳ್ಳೆಯ ಧಾರಣೆ ಕಳೆದುಕೊಂಡದ್ದು ಸಾಕು.

ಗೊಂದಲವಿರುವುದು ಕ್ಯಾಬಿನ್ ವಿಷಯದಲ್ಲಿ. ಡಬಲ್ ಕ್ಯಾಬಿನ್ ಆದರೆ ಕೂಲಿಗೆ ಬರುವ ಹೆಣ್ಣುಮಕ್ಕಳು ಒಳಗೆ ಕುಳಿತು ಬರಬಹುದು. ಅವರನ್ನು ಹಿಂದೆ ಚೀಲಗಳ ಮೇಲೆ ಕೂರಿಸಿ ಕರೆತರುವುದು ನನಗೆ ಒಪ್ಪಿಗೆಯಿಲ್ಲ, ಕಾನೂನಿಗೂ ವಿರುದ್ಧ. ಆದರೆ ಆಗ ಹಿಂದಿನ ಬಾಡಿ ಸುಮಾರು 5 ಅಡಿಗೆ ಇಳಿಯುತ್ತದೆ. ಸಿಂಗಲ್ ಕ್ಯಾಬಿನ್ನಿನ ಬೊಲೆರೊ ಪಿಕಪ್‌ನಲ್ಲಿ 9 ಅಡಿ ಬಾಡಿ ಸಿಗುತ್ತದೆ, 1.7 ಟನ್ ಮಾದರಿಯಲ್ಲಿ 15 ಕ್ವಿಂಟಲ್ ನಿರಾಳವಾಗಿ ಹೇರಬಹುದು. ಎರಡೂ ಬೇಕೆನಿಸುತ್ತದೆ, ಹಣ ಒಂದಕ್ಕೇ ಇದೆ.

ಅಪ್ಪನಿಗೆ ಎಡ ಮೊಣಕಾಲು ನೋವು, ಕ್ಲಚ್ ತುಳಿಯುವುದು ಕಷ್ಟ. ಆಟೋಮ್ಯಾಟಿಕ್ ಗೇರ್ ಟೊಯೊಟಾ ಹೈಲಕ್ಸ್, ಇಸುಜು ವಿ-ಕ್ರಾಸ್ ಪಿಕಪ್‌ಗಳಲ್ಲಿ ಸಿಗುತ್ತದೆ, ಬೆಲೆ ನಮ್ಮ ಕೈಗೆಟುಕದು. ಹಾಗಾಗಿ ಮ್ಯಾನುಯಲ್ಲೇ, ನಾನೇ ಓಡಿಸುತ್ತೇನೆ.

ಎರೆ ಹೊಲದ ದಾರಿಯಲ್ಲಿ ಪಿಕಪ್ ಓಡಿಸುವವರು ದಯವಿಟ್ಟು ತಿಳಿಸಿ: ಮಳೆಯಾದ ಮೇಲೆ ಖಾಲಿ ಗಾಡಿಯ ಹಿಂದಿನ ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗುತ್ತದೆಯೇ? ಫೋರ್ ವೀಲ್ ಡ್ರೈವ್‌ಗೆ ಹೆಚ್ಚು ಹಣ ಕೊಡುವುದು ಅಗತ್ಯವೇ? ಉದ್ದ ಬಾಡಿಯ ಗಾಡಿಯನ್ನು ಹೊಲದ ಬದುವಿನ ಬಳಿ ತಿರುಗಿಸಲು ತೊಂದರೆಯಾಗುತ್ತದೆಯೇ?