ಸಹಾಯ ಬೇಕು: ಮಾಜಿ ಸೈನಿಕರ ಮಗಳ ವಿದ್ಯಾರ್ಥಿವೇತನಕ್ಕೆ ಹೆಸರಿನ ತೊಡಕು

ಎಲ್ಲರಿಗೂ ಶರಣು. ನಮ್ಮ ಸೋದರಮಾವ ಹವಾಲ್ದಾರರಾಗಿ ನಿವೃತ್ತರಾಗಿ ಔರಾದ್ ತಾಲ್ಲೂಕಿನ ಊರಿಗೆ ಮರಳಿದ್ದಾರೆ. ಮಗಳು ಬೀದರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೊದಲ ವರ್ಷಕ್ಕೆ ಸೇರಿದ್ದಾಳೆ. ಪಿಯುಸಿಯಲ್ಲಿ ಶೇ. 60 ದಾಟಿದ್ದಾಳೆ, ಹಾಗಾಗಿ ಕೇಂದ್ರೀಯ ಸೈನಿಕ ಮಂಡಳಿಯ ಪ್ರಧಾನ ಮಂತ್ರಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕು. ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000 ರೂಪಾಯಿ. ಹಾಸ್ಟೆಲ್ ಊಟದ ಖರ್ಚಾದರೂ ನೀಗುತ್ತದೆ.

ಸೇನೆಯಿಂದ ನಿವೃತ್ತರಾಗುವಾಗ ಮಾವನಿಗೆ ಕೊಟ್ಟ ಡಿಸ್ಚಾರ್ಜ್ ಪುಸ್ತಕದಲ್ಲಿ ಅವಳು ‘ಭಾಗಮ್ಮ’, ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ‘ಭಾಗ್ಯಶ್ರೀ’. ಅಜ್ಜಿ ಇಟ್ಟ ಹೆಸರನ್ನು ಮಾವ ಪಲ್ಟನ್ನಿಗೆ ಬರೆದು ಕಳಿಸಿದ್ದರು. ಶಾಲೆಯಲ್ಲಿ ಮಾಸ್ತರರು ಚೆಂದದ ಹೆಸರು ಬರೆದುಕೊಂಡರು. ನಮ್ಮ ಕಡೆ ಇದು ಮನೆಮನೆಯ ಕಥೆ. ಪುಣ್ಯಕ್ಕೆ ಜನ್ಮದಿನಾಂಕ ಒಂದೇ ಇದೆ. ಸಿಯಾಚಿನ್‌ನ ಚಳಿಗೆ ಬಗ್ಗದ ಮನುಷ್ಯ ಝೆರಾಕ್ಸ್ ಅಂಗಡಿಯ ಮುಂದೆ ಸೋತು ನಿಂತಿದ್ದಾರೆ.

ನೋಟರಿ ಮಾಡಿಸಿದ ಅಫಿಡವಿಟ್ ಸಾಕೇ, ಇಲ್ಲವೇ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಯಲ್ಲೇ ತಿದ್ದುಪಡಿ ಆಗಬೇಕೇ? ಆಗಬೇಕಾದರೆ ಅರ್ಜಿಯನ್ನು ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳಿಸಬೇಕೋ, ನೇರವಾಗಿಯೋ?

ಇನ್ನೊಂದು ಪ್ರಶ್ನೆ. ಎಸ್ಸೆಸ್ಸೆಲ್ಸಿ ಓದಿ 15 ವರ್ಷ ಮೀರಿ ಸೇವೆ ಮಾಡಿದವರಿಗೆ ಸೇನೆ ಕೊಡುವ ಪದವಿ ತತ್ಸಮಾನ ಪ್ರಮಾಣಪತ್ರ ಮಾವನ ಬಳಿ ಇದೆ. ಪದವಿ ಕೇಳುವ ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೆ, ತಾಂತ್ರಿಕ ಅಲ್ಲದಿದ್ದರೆ, ಅದು ನಡೆಯುತ್ತದೆ. ರಾಜ್ಯದ ನೇಮಕಾತಿಯಲ್ಲಿ, ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಾತಿಯ ಜೊತೆಗೆ, ಅದನ್ನು ಬಳಸಿ ಕೆಲಸ ಪಡೆದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಕೇಳಿದ ಮಾತು ಬೇಡ, ಸ್ವತಃ ಮಾಡಿಸಿದವರು ಹೇಳಿದರೆ ಉಪಕಾರವಾಗುತ್ತದೆ.