ಸಿಡಿಗೆ ಹಿಡಿಯುವುದು ತುಕ್ಕೋ, ಕಿಲುಬೋ?

ಪ್ರಶ್ನೆ (ಲಿಂಗಸುಗೂರಿನಿಂದ): ರಾಯಚೂರು ಸೀಮೆಯ ತತ್ವಪದ, ದೊಡ್ಡಾಟಗಳ ಸಿಡಿಗಳನ್ನು ಕಾಪಿಡುವವರಿಗೆ ಒಂದು ಪುಟದ ಕನ್ನಡ ಸೂಚನೆ ಬೇಕಾಗಿದೆ. ಕರಡಿನಲ್ಲಿ ‘ಡಿಸ್ಕ್ ರಾಟ್’ (ಸಿಡಿಯ ಒಳಪೊರೆ ಕೆಡುವುದು) ಅನ್ನುವುದಕ್ಕೆ ‘ತಟ್ಟೆ ಕೊಳೆತ’ ಎಂದಿದೆ. ಯಾಕೋ ಹೊಂದುತ್ತಿಲ್ಲ. ‘ತುಕ್ಕು’ ಅನ್ನಬಹುದೇ?

ಉತ್ತರ: ಕೊಳೆಯುವುದು ಉಳ್ಳಾಗಡ್ಡಿ. ತುಕ್ಕು ಕಬ್ಬಿಣದ್ದು, ಕಿಲುಬು ತಾಮ್ರ-ಹಿತ್ತಾಳೆಯದ್ದು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿಡಿಯಲ್ಲಿರುವುದು ಅಲ್ಯೂಮಿನಿಯಂ ಪೊರೆ. ಅರಗಿನ ಲೇಪ ಸೀಳಿ ಗಾಳಿ, ತೇವ ಒಳಹೊಕ್ಕರೆ ಅದು ಮಸುಕಾಗಿ ಪಾರದರ್ಶಕವಾಗುತ್ತದೆ. ದೀಪಕ್ಕೆ ಹಿಡಿದರೆ ಸೂಜಿಮೊನೆಯಷ್ಟು ಬೆಳಕು ತೂರಿ ಬರುತ್ತದೆ. ಹಳೆ ಕನ್ನಡಿಗೆ ಆಗುವುದೂ ಇದೇ ತಾನೇ? ಹಾಗಾಗಿ ‘ರಸ ಹೋಗಿದೆ’ ಎನ್ನಿ, ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಇದನ್ನು ‘ಗೀರು’ ಜೊತೆ ಬೆರೆಸಬೇಡಿ. ಸಿಡಿಯ ದಪ್ಪ 1.2 ಮಿ.ಮೀ., ಬಹುಪಾಲು ಪ್ಲಾಸ್ಟಿಕ್ಕೇ. ಹೊಳೆಯುವ ಮಗ್ಗುಲಲ್ಲಿ ಬಿದ್ದ ಸಣ್ಣ ಗೀರು ಬರೀ ಪ್ಲಾಸ್ಟಿಕ್‌ನದು, ಪಾಲಿಶ್ ಮಾಡಿದರೆ ಹೋದೀತು. ಹೆಸರಿನ ಮಗ್ಗುಲಲ್ಲಿ ಪೊರೆಗೂ ಹೊರಗಿಗೂ ನಡುವೆ ತೆಳು ಲೇಪ ಮಾತ್ರ. ಅಲ್ಲಿ ಬಾಲ್‌ಪೆನ್ ಒತ್ತಿದರೆ ರಸವೇ ಕೀಳುತ್ತದೆ, ಮತ್ತೆ ಸರಿಯಾಗದು. (ಡಿವಿಡಿಯಲ್ಲಿ ಪೊರೆ 0.6 ಮಿ.ಮೀ.ನ ಎರಡು ಪದರಗಳ ನಡುವಿದೆ, ಅಷ್ಟು ಭಯವಿಲ್ಲ.) ಕರಡಿನ ‘ಮೇಲ್ಭಾಗ, ಕೆಳಭಾಗ’ ತೆಗೆದುಹಾಕಿ, ತಿರುವಿ ಹಿಡಿದವರಿಗೆ ಯಾವುದು ಮೇಲು?

‘ಬಟ್ಟೆಯಿಂದ ಒರೆಸಿ’ ಎಂದಷ್ಟೇ ಬರೆದರೆ ಊಟದ ತಾಟು ಒರೆಸಿದಂತೆ ದುಂಡಗೆ ಒರೆಸುತ್ತಾರೆ. ದತ್ತಾಂಶದ ಜಾಡು ದುಂಡಗೇ ಸುತ್ತುವುದರಿಂದ ಅದರಗುಂಟ ಬಿದ್ದ ಗೀರು ಉದ್ದಕ್ಕೂ ಓದು ಕೆಡಿಸುತ್ತದೆ. ಅಡ್ಡಗೀರನ್ನು ದೋಷ ತಿದ್ದುವ ವ್ಯವಸ್ಥೆ ಎಷ್ಟೋ ಸಲ ದಾಟಿಸುತ್ತದೆ. ‘ನಡುವಿನಿಂದ ಅಂಚಿಗೆ ನೇರ ಎಳೆದು ಒರೆಸಿ’ ಎಂದಿರಲಿ. ಮೆತ್ತನೆ ಹತ್ತಿ ಬಟ್ಟೆ, ಬಟ್ಟಿ ಇಳಿಸಿದ ನೀರು ಸಾಕು. ಥಿನ್ನರ್ ತಾಗಿಸಲೇಬಾರದು.

ಇನ್ನೊಂದು ಉತ್ತರ (ಬಳ್ಳಾರಿಯಿಂದ): ‘ರಸ’ ಒಪ್ಪಿದೆ. ಆದರೆ ನಿಮ್ಮಲ್ಲಿರುವವು ಬಹುಶಃ ಕಂಪ್ಯೂಟರಿನಲ್ಲಿ ಬರೆದ ಸಿಡಿ-ಆರ್‌ಗಳು. ಅವುಗಳಲ್ಲಿ ಪೊರೆಯ ಜೊತೆ, ದತ್ತಾಂಶ ಬರೆದಿರುವ ಬಣ್ಣದ ಪದರವೂ ಇದೆ. ಬಿಸಿಲು, ಕಾವಿಗೆ ಮೊದಲು ಕೆಡುವುದು ಹೆಚ್ಚಾಗಿ ಅದೇ. ಪೊರೆ ಹೊಳೆಯುತ್ತಲೇ ಇರುತ್ತದೆ, ಹಾಡು ಮಾತ್ರ ತಡವರಿಸುತ್ತದೆ. ಅದಕ್ಕೆ ‘ಬಣ್ಣ ಮಾಸಿದೆ’ ಎಂದು ಬೇರೆ ಪದವೇ ಇರಲಿ. ಹೆಸರನ್ನು ನೀರಿನ ಶಾಯಿಯ ಮಾರ್ಕರ್‌ನಿಂದ ನಡುತೂತಿನ ಸುತ್ತಲ ಪಾರದರ್ಶಕ ಬಳೆಯ ಮೇಲೆ ಬರೆಯಿರಿ. ಅಂಟುಚೀಟಿ ಬೇಡ, ಅರ್ಧ ಎದ್ದರೆ ತಿರುಗುವಾಗ ತೂಕ ತಪ್ಪುತ್ತದೆ.

‘ತಂಪಾದ ಜಾಗದಲ್ಲಿಡಿ’ ಎಂಬ ಸಾಲೂ ತಿದ್ದಬೇಕು. ನಮ್ಮಲ್ಲಿ ತಂಪು ಅಂದರೆ ತೇವವೂ ಹೌದು. ಕೊಡ ಇಡುವ ಮೂಲೆಯೂ ತಂಪೇ. ಅಮೆರಿಕದ ಸರಕಾರಿ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ 2003ರ ಕೈಪಿಡಿ ಹೇಳುವುದು 4ರಿಂದ 20 ಡಿಗ್ರಿ ಸೆಲ್ಸಿಯಸ್, 20ರಿಂದ 50 ಶೇಕಡಾ ಆರ್ದ್ರತೆ. ನಲವತ್ತು ದಾಟುವ ನಮ್ಮ ಬೇಸಿಗೆಯಲ್ಲಿ ಅಷ್ಟು ಆಗದು. ‘ಬಿಸಿಲು ಬೀಳದ, ಒಣಗಿದ ಒಳಗೋಡೆಯ ಬೀರು, ಡಬ್ಬಿಯಲ್ಲಿ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ’ ಎಂದು ಬರೆಯಿರಿ.